ಸಂತೋಷಕ್ಕೂ ಒಂದು ಖಾತೆ ಇರಲಿ

ಲೆಕ್ಕ ಬರೆದಿಡುವವನು ಜಿಪುಣ, ಲೆಕ್ಕವಿಡದವನು ಉದಾರಿ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ತಿಂಗಳ ಕೊನೆಯಲ್ಲಿ ಪುಸ್ತಕ ತೆರೆದು ಕುಳಿತವನನ್ನು ಕಂಡು ಮನೆಯವರು ಮುಖ ಸಿಂಡರಿಸುತ್ತಾರೆ, ಗೆಳೆಯರು ನಗುತ್ತಾರೆ. "ದುಡ್ಡು ಇರುವುದೇ ಖರ್ಚು ಮಾಡುವುದಕ್ಕೆ, ಹೋಗುವಾಗ ಹೊತ್ತುಕೊಂಡು ಹೋಗುತ್ತೀಯಾ?" ಎಂದು ಕೇಳುತ್ತಾರೆ. ಮದುವೆಯ ಮನೆಗಳಲ್ಲಿ, ಬಸ್ಸಿನಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ ನಾವೆಲ್ಲರೂ ಈ ಮಾತನ್ನು ಕೇಳಿದ್ದೇವೆ, ಆಡಿಯೂ ಇದ್ದೇವೆ. ನಾನಂತೂ ಇಪ್ಪತ್ತು ವರ್ಷಗಳ ಕಾಲ ಇದನ್ನು ಧೈರ್ಯವಾಗಿ ಆಡಿಕೊಂಡು ಬಂದೆ. ಆ ಮಾತು ಎಷ್ಟು ದುಬಾರಿಯಾದದ್ದು ಎಂಬುದನ್ನು ತಿಳಿದುಕೊಂಡ ಮೇಲೆ ಈ ಬರಹಕ್ಕೆ ಕೈಹಾಕಿದ್ದೇನೆ.

ಹಣವಿರುವುದು ಖರ್ಚು ಮಾಡುವುದಕ್ಕೇ ಎಂಬುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದ್ದರಿಂದಲೇ ಲೆಕ್ಕ ಬೇಕು ಎನ್ನುತ್ತೇನೆ. ಯಾವುದಕ್ಕೆ ಹೋಯಿತೆಂದೇ ನೆನಪಿಲ್ಲದ ಹಣವನ್ನು ನಾವು ಖರ್ಚು ಮಾಡಿದೆವು ಎಂದು ಹೇಗೆ ಹೇಳಿಕೊಳ್ಳುವುದು? ಜೇಬಿನ ತೂತಿನಿಂದ ಬಿದ್ದ ನಾಣ್ಯವನ್ನು ಯಾರೂ ದಾನವೆನ್ನುವುದಿಲ್ಲ, ಭೋಗವೆಂದೂ ಕರೆಯುವುದಿಲ್ಲ. ನಮ್ಮ ಸಂಬಳದ ಒಂದು ಪಾಲು ಪ್ರತಿ ತಿಂಗಳೂ ಹೀಗೆಯೇ ಬಿದ್ದುಹೋಗುತ್ತಿದೆ. ಅದನ್ನು ಔದಾರ್ಯವೆಂದು ಕರೆದು ಬೆನ್ನು ತಟ್ಟಿಕೊಳ್ಳುವುದು ಆತ್ಮವಂಚನೆ.

ಈ ಸುಳ್ಳು ನಂಬಿಕೆಯನ್ನು ಬೆಳೆಸಿದವರಲ್ಲಿ ದುಂದುಗಾರರಷ್ಟೇ ಪಾಲು ಉಳಿತಾಯದ ಬೋಧಕರಿಗೂ ಇದೆ. ಅವರ ಬೋಧನೆ ನಮಗೆಲ್ಲ ಬಾಯಿಪಾಠ. ಹೋಟೆಲಿನ ಕಾಫಿ ಬಿಡಿ, ಸಿನಿಮಾ ಬಿಡಿ, ಮಲ್ಲಿಗೆ ಹೂವಿಗೆ ಹಣ ಕೊಡಬೇಡಿ, ಮಕ್ಕಳಿಗೆ ಬಲೂನು ಕೊಡಿಸಬೇಡಿ. ಮುಂದೆ ಮುಪ್ಪಿನಲ್ಲಿ ಸುಖವಾಗಿರುತ್ತೀರಿ. ಈ ಉಪದೇಶ ಕೇಳಿದವನಿಗೆ ಲೆಕ್ಕದ ಪುಸ್ತಕವೆಂದರೆ ತನ್ನ ಸಣ್ಣಪುಟ್ಟ ಸಂತೋಷಗಳ ಮರಣಪಟ್ಟಿಯೆಂದು ತೋರಿದರೆ ಆಶ್ಚರ್ಯವಿಲ್ಲ. ಒಂದೆರಡು ತಿಂಗಳು ಹಲ್ಲು ಕಚ್ಚಿ ಬರೆಯುತ್ತಾನೆ, ಮೂರನೆಯ ತಿಂಗಳು ಪುಸ್ತಕ ಅಟ್ಟ ಸೇರುತ್ತದೆ. ಸಂತೋಷವನ್ನು ಮೊದಲು ಕತ್ತರಿಸು ಎನ್ನುವ ಲೆಕ್ಕ ಯಾವ ಮನೆಯಲ್ಲೂ ಬಾಳುವುದಿಲ್ಲ. ಸಂತೋಷಕ್ಕೆ ಜಾಗ ಮಾಡಿಕೊಡುವುದಕ್ಕಾಗಿಯೇ ಲೆಕ್ಕವಿಡಬೇಕು ಎಂಬುದು ನನ್ನ ವಾದ.

ಅಮ್ಮನ ಒಂದು ಆಸೆ

ನನ್ನ ತಾಯಿ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಅವರ ಆಸೆಗಳು ಕೆಲವೇ. ಮಳೆಗಾಲದಲ್ಲಿ ಒಮ್ಮೆ ಜೋಗದ ಜಲಪಾತವನ್ನು ಕಣ್ಣಾರೆ ನೋಡಬೇಕೆಂಬುದು ಅವುಗಳಲ್ಲಿ ಬಹುದಿನದ್ದು. ಆಷಾಢದ ಮಳೆ ಹಿಡಿದಾಗ ಪ್ರತಿವರ್ಷವೂ ಅವರು ಮೆಲ್ಲನೆ ಕೇಳುತ್ತಿದ್ದರು: "ಈ ಸಾರಿ ಹೋಗೋಣವೇನಪ್ಪಾ?" ಪ್ರತಿವರ್ಷವೂ ನನ್ನ ಉತ್ತರ ಒಂದೇ: "ಈ ತಿಂಗಳು ಕೈ ಖಾಲಿ ಅಮ್ಮಾ, ಮುಂದಿನ ವರ್ಷ ನೋಡೋಣ." ನಾನು ಸುಳ್ಳು ಹೇಳುತ್ತಿರಲಿಲ್ಲ. ತಿಂಗಳ ಇಪ್ಪತ್ತರ ಹೊತ್ತಿಗೆ ನನ್ನ ಕೈ ನಿಜವಾಗಿಯೂ ಖಾಲಿಯಾಗಿರುತ್ತಿತ್ತು. ಅದು ಏಕೆ ಖಾಲಿಯಾಗುತ್ತಿತ್ತೆಂದು ಮಾತ್ರ ನಾನು ಒಂದು ದಿನವೂ ವಿಚಾರಿಸಲಿಲ್ಲ. 2004ರ ಬೇಸಗೆಯಲ್ಲಿ ಅಮ್ಮ ತೀರಿಕೊಂಡರು. ಜೋಗ ಉಳಿದೇ ಹೋಯಿತು.

ಆ ವರ್ಷಗಳಲ್ಲಿ ನನಗೊಂದು ಅಭ್ಯಾಸವಿತ್ತು. ಪ್ರತಿ ಶನಿವಾರ ಬಸ್ ನಿಲ್ದಾಣದ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಲಾಟರಿ ಟಿಕೆಟ್ ಕೊಳ್ಳುತ್ತಿದ್ದೆ. ದೊಡ್ಡ ಬಹುಮಾನ ಬಂದರೆ ಮೊದಲು ಅಮ್ಮನನ್ನು ಜೋಗಕ್ಕೆ ಕರೆದೊಯ್ಯಬೇಕು ಎಂದು ನಾನು ಹೇಳಿಕೊಳ್ಳುತ್ತಿದ್ದುದು ಈಗ ನೆನೆದರೆ ನಾಚಿಕೆಯಾಗುತ್ತದೆ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಷೇಧವಾದಾಗ ಒಂದು ಸಂಜೆ ಸುಮ್ಮನೆ ಕುಳಿತು ಕಾಗದದ ಮೇಲೆ ಲೆಕ್ಕ ಹಾಕಿದೆ. ವಾರಕ್ಕೆ ಹತ್ತು ರೂಪಾಯಿಯಂತೆ ವರ್ಷಕ್ಕೆ 520 ರೂಪಾಯಿ, ಹತ್ತು ವರ್ಷಕ್ಕೆ 5,200 ರೂಪಾಯಿ. ಹಾಸನದಿಂದ ಇಬ್ಬರು ಬಸ್ಸಿನಲ್ಲಿ ಹೋಗಿ, ಸಾಗರದಲ್ಲಿ ಒಂದು ರಾತ್ರಿ ತಂಗಿ, ಜೋಗ ನೋಡಿ ಬರುವುದಕ್ಕೆ ಆಗ ಸಾವಿರ ರೂಪಾಯಿಯೂ ಬೇಕಿರಲಿಲ್ಲ. ಅಮ್ಮನ ಆಸೆಯ ಬೆಲೆ ನನ್ನ ಜೇಬಿನಲ್ಲೇ ಇತ್ತು. ಒಂದಲ್ಲ, ಐದು ಸಲ ಹೋಗಿ ಬರುವಷ್ಟು ಇತ್ತು. ಅದು ಇದೆಯೆಂದು ತಿಳಿಯಲು ಬೇಕಾಗಿದ್ದದ್ದು ಐದು ರೂಪಾಯಿಯ ಒಂದು ಪುಸ್ತಕ, ಒಂದು ಪೆನ್ಸಿಲು.

ಆ ಸಂಜೆಯಿಂದ ನಾನು ಲೆಕ್ಕ ಬರೆಯುತ್ತಿದ್ದೇನೆ. ಹಣ ಕೂಡಿಡುವ ಆಸೆಯಿಂದಲ್ಲ. "ಕೈ ಖಾಲಿ" ಎಂಬ ಮಾತನ್ನು ವಿಚಾರಿಸದೆ ಇನ್ನೊಮ್ಮೆ ಯಾರಿಗೂ ಹೇಳಬಾರದು ಎಂಬ ಕಾರಣಕ್ಕೆ.

ಲೆಕ್ಕವಿಟ್ಟವರು ಜಿಪುಣರಾಗಿದ್ದರೇ?

ಲೆಕ್ಕ ಬರೆಯುವುದರಿಂದ ಮನಸ್ಸು ಸಣ್ಣದಾಗುತ್ತದೆ ಎನ್ನುವವರು ಗಾಂಧೀಜಿಯವರ ಆತ್ಮಕಥೆಯನ್ನು ಒಮ್ಮೆ ತೆರೆದು ನೋಡಲಿ. ನ್ಯಾಯಶಾಸ್ತ್ರ ಓದಲು 1888ರಲ್ಲಿ ಲಂಡನ್ನಿಗೆ ಹೋದ ಆ ಯುವಕ ಮೊದಲು ಮಾಡಿದ್ದು ದುಂದು. ಆಂಗ್ಲ ಸಭ್ಯಸ್ಥನಾಗಬೇಕೆಂಬ ಹಂಬಲದಲ್ಲಿ ಹತ್ತೊಂಬತ್ತು ಷಿಲಿಂಗಿನ ಟೋಪಿ, ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸಂಜೆಯುಡುಪು, ನೃತ್ಯದ ಪಾಠ, ಪಿಟೀಲಿನ ಪಾಠ ಎಲ್ಲವೂ ನಡೆದವು. ಪಿಟೀಲು ಆಗಲಿ ನೃತ್ಯವಾಗಲಿ ಅವರಿಗೆ ಹಿಡಿಸಿದ್ದೇನಲ್ಲ. ಬೇರೆಯವರಂತೆ ಕಾಣಬೇಕೆಂಬುದೇ ಉದ್ದೇಶ. ಬಸ್ಸಿನ ದರ, ಅಂಚೆಚೀಟಿ ಮುಂತಾದ ಚಿಲ್ಲರೆ ಖರ್ಚನ್ನೂ ಬಿಡದೆ ಅವರು ಲೆಕ್ಕ ಬರೆಯುತ್ತಿದ್ದರು. ಪ್ರತಿ ರಾತ್ರಿ ಮಲಗುವ ಮುನ್ನ ಬಾಕಿ ತಾಳೆ ನೋಡುತ್ತಿದ್ದರು. ಆ ಲೆಕ್ಕವೇ ಅವರಿಗೆ ದಾರಿ ತೋರಿತು. ಕಡಿಮೆ ಬಾಡಿಗೆಯ ಕೋಣೆಗೆ ಬಂದರು, ಗಾಡಿಯ ದರ ಉಳಿಸಿ ದಿನಕ್ಕೆ ಎಂಟು ಹತ್ತು ಮೈಲಿ ನಡೆದರು, ಅಡುಗೆಯನ್ನು ತಾವೇ ಮಾಡಿಕೊಂಡರು. ಇದರಿಂದ ತಮ್ಮ ಬದುಕು ಬರಡಾಯಿತೆಂದು ಅವರು ಬರೆಯಲಿಲ್ಲ. ಬದಲಾವಣೆ ತಮಗೆ ಆನಂದವನ್ನೇ ತಂದಿತೆಂದು ಬರೆದರು. ಮುಂದೆ ಲಕ್ಷಾಂತರ ರೂಪಾಯಿಗಳ ಸಾರ್ವಜನಿಕ ನಿಧಿಯನ್ನು ಸಾಲವಿಲ್ಲದೆ ನಿರ್ವಹಿಸಲು ಸಾಧ್ಯವಾದದ್ದು ಈ ಅಭ್ಯಾಸದಿಂದಲೇ ಎಂದು ಹೇಳಿಕೊಂಡರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲೆಕ್ಕವು ಅವರಿಂದ ಕಿತ್ತುಕೊಂಡದ್ದು ಅವರಿಗೆ ಬೇಡವಾಗಿದ್ದ ವಸ್ತುಗಳನ್ನು. ಕೊಟ್ಟದ್ದು ಅವರಿಗೆ ಬೇಕಾಗಿದ್ದ ಸ್ವಾತಂತ್ರ್ಯವನ್ನು.

ಇನ್ನೊಂದು ಉದಾಹರಣೆ ಜಪಾನಿನದು. ಅಲ್ಲಿನ ಮೊದಲ ಪತ್ರಕರ್ತೆಯೆಂದು ಹೆಸರಾದ, ಕ್ರೈಸ್ತ ವಿಶ್ವಾಸಿಯಾಗಿದ್ದ ಹನಿ ಮೊತೊಕೊ 1904ರಲ್ಲಿ ಗೃಹಿಣಿಯರಿಗಾಗಿ ಒಂದು ಲೆಕ್ಕದ ಪುಸ್ತಕವನ್ನು ರೂಪಿಸಿ ಪ್ರಕಟಿಸಿದರು. ಜಪಾನೀ ಭಾಷೆಯಲ್ಲಿ ಅದಕ್ಕೆ ಕಾಕೇಬೊ ಎಂಬ ಹೆಸರು. ಮನೆಯ ಲೆಕ್ಕದ ಪುಸ್ತಕ ಎಂದೇ ಅದರ ಅರ್ಥ. ಒಂದು ಶತಮಾನ ಕಳೆದರೂ ಆ ಪದ್ಧತಿ ಬಳಕೆಯಲ್ಲಿದೆ. ಇಂದು ಜಗತ್ತಿನಲ್ಲಿ ಪ್ರಚಲಿತವಾಗಿರುವ ಅದರ ರೂಪದಲ್ಲಿ ಖರ್ಚನ್ನು ನಾಲ್ಕು ಭಾಗ ಮಾಡುತ್ತಾರೆ: ಅಗತ್ಯ, ಬಯಕೆ, ಸಂಸ್ಕೃತಿ, ಅನಿರೀಕ್ಷಿತ. ಸಂಸ್ಕೃತಿ ಎಂದರೆ ಪುಸ್ತಕ, ಸಂಗೀತ, ನಾಟಕ, ಪ್ರದರ್ಶನ. ಅಕ್ಕಿ ಬೇಳೆಗೆ ಒಂದು ಅಂಕಣವಿರುವಂತೆ ಸಂಗೀತಕ್ಕೂ ಒಂದು ಅಂಕಣ! ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು ಅಮೇಲಿಯಾ ವಾರನ್ ತ್ಯಾಗಿ 2005ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ ಇದೇ ವಿವೇಕವಿದೆ. ತೆರಿಗೆ ಕಳೆದು ಕೈಗೆ ಬಂದ ವರಮಾನದಲ್ಲಿ ನೂರಕ್ಕೆ 50 ಅಗತ್ಯಗಳಿಗೆ, 20 ಉಳಿತಾಯಕ್ಕೆ, 30 ಬಯಕೆಗಳಿಗೆ ಎಂದು ಅವರು ಹಂಚಿದರು. ಅನ್ನಕ್ಕೇ ಅರ್ಧ ವರಮಾನ ಹೋಗುವ ನಮ್ಮ ಮನೆಗಳಿಗೆ ಆ ಅಂಕಿಗಳು ಹೊಂದಲಾರವು. 50ರ ಸ್ಥಾನದಲ್ಲಿ 70 ಇರಬಹುದು, 30ರ ಸ್ಥಾನದಲ್ಲಿ 5 ಇರಬಹುದು. ಆದರೆ ಬಯಕೆಯ ಪಾಲು ಸೊನ್ನೆಯಲ್ಲ ಎಂಬ ತತ್ತ್ವ ಎಲ್ಲರಿಗೂ ಸಲ್ಲುತ್ತದೆ.

ವಿದೇಶದ ಮಾತೇಕೆ? ನಮ್ಮ ಅಜ್ಜಿಯಂದಿರ ಸಾಸಿವೆ ಡಬ್ಬಿ ಇದಕ್ಕಿಂತ ಹಳೆಯದು. ಸಾಸಿವೆ ಡಬ್ಬಿಯಲ್ಲಿ ಜಾತ್ರೆಯ ದುಡ್ಡು, ಜೀರಿಗೆ ಡಬ್ಬಿಯಲ್ಲಿ ಮಗಳ ಬಾಣಂತನದ ದುಡ್ಡು, ಅಕ್ಕಿಯ ಡಬ್ಬದ ತಳದಲ್ಲಿ ಆಪತ್ತಿನ ದುಡ್ಡು. ಜಾತ್ರೆಯ ದುಡ್ಡನ್ನು ಜಾತ್ರೆಗೇ ತೆಗೆಯುತ್ತಿದ್ದರು, ಬೇರೆಯದಕ್ಕೆ ಮುಟ್ಟುತ್ತಿರಲಿಲ್ಲ. 2016ರ ನವೆಂಬರ್ 8ರಂದು ಐನೂರು, ಸಾವಿರದ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ಗಂಡಂದಿರು ಮೊದಲ ಬಾರಿಗೆ ಈ ಡಬ್ಬಿಗಳ ಒಳಗನ್ನು ಕಂಡು ಬೆರಗಾದರು. ಹಣವನ್ನು ಜನರು ಮನಸ್ಸಿನಲ್ಲಿ ಬೇರೆ ಬೇರೆ ಖಾತೆಗಳಾಗಿ ವಿಂಗಡಿಸಿಕೊಳ್ಳುತ್ತಾರೆ ಎಂಬ ವಿಚಾರವನ್ನು ಸಿದ್ಧಾಂತವಾಗಿ ಮಂಡಿಸಿದವರು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್. 2017ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಓದುಬರಹವಿಲ್ಲದ ನಮ್ಮ ಅಜ್ಜಿಯಂದಿರು ಅದನ್ನು ಅಡುಗೆಮನೆಯಲ್ಲಿ ನಡೆಸಿಕೊಂಡು ಬಂದಿದ್ದರು.

ಹಣ ಹೋಗುವುದೆಲ್ಲಿಗೆ?

ನನಗೆ ಚೆನ್ನಾಗಿ ಪರಿಚಯವಿರುವ ಒಂದು ಕುಟುಂಬದ ಲೆಕ್ಕವನ್ನು ಅವರ ಒಪ್ಪಿಗೆಯಿಂದ ಇಲ್ಲಿ ಕೊಡುತ್ತೇನೆ. ಗಂಡ ಗ್ಯಾರೇಜಿನಲ್ಲಿ ಕೆಲಸಗಾರ, ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಇಬ್ಬರು ಮಕ್ಕಳು. ಇಬ್ಬರ ದುಡಿಮೆ ಸೇರಿ ತಿಂಗಳಿಗೆ ಸುಮಾರು 32,000 ರೂಪಾಯಿ. ಆಕೆಗೆ ಒಂದು ಹಾರ್ಮೋನಿಯಂ ಕೊಳ್ಳುವ ಆಸೆ. ಮದುವೆಗೆ ಮುಂಚೆ ಕಲಿತಿದ್ದರು, ಹನ್ನೆರಡು ವರ್ಷದಿಂದ ಮುಟ್ಟಿರಲಿಲ್ಲ. "ಮಕ್ಕಳ ಓದು ಮುಗಿಯಲಿ ಅಂಕಲ್" ಎನ್ನುತ್ತಿದ್ದರು. ಯಾವುದನ್ನೂ ಬಿಡಬೇಡಿ, ಮೂರು ತಿಂಗಳು ಸುಮ್ಮನೆ ಬರೆಯಿರಿ ಎಂದಷ್ಟೇ ಹೇಳಿದೆ.

ಮೂರು ತಿಂಗಳ ಬಳಿಕ ಪುಸ್ತಕ ತೆರೆದಾಗ ಅವರೇ ನಂಬಲಿಲ್ಲ. ಬೇಕರಿ ಮತ್ತು ಹೊರಗಿನ ತಿಂಡಿಗೆ ತಿಂಗಳಿಗೆ 2,400 ರೂಪಾಯಿ. ಯಾರೂ ನೋಡದ ಎರಡು ಟಿ.ವಿ. ಚಂದಾಗಳಿಗೆ 450 ರೂಪಾಯಿ. ದಿನ ಮೀರಿ ಕಟ್ಟಿದ ಬಿಲ್ಲುಗಳ ದಂಡ, ಖಾತೆಯಲ್ಲಿ ಹಣವಿಲ್ಲದೆ ಕಂತು ಹಿಂದಿರುಗಿದ್ದಕ್ಕೆ ಬ್ಯಾಂಕಿನ ಶುಲ್ಕ ಎಲ್ಲ ಸೇರಿ ಸರಾಸರಿ 400 ರೂಪಾಯಿ. ಈ ಪೈಕಿ ದಂಡದಿಂದ ಯಾರಿಗೆ ಸಂತೋಷವಾಯಿತು? ನೋಡದ ಚಂದಾದಿಂದ ಯಾರಿಗೆ? ತಿಂಡಿಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹಸಿವಿಲ್ಲದೆ, ಸಂಭ್ರಮವಿಲ್ಲದೆ, ಅಭ್ಯಾಸದಿಂದ ತಿಂದದ್ದು. ಅವರು ತಿಂಡಿಯನ್ನು ಭಾನುವಾರ ಸಂಜೆಗೆ ಮೀಸಲಿಟ್ಟರು. ನಾಲ್ವರೂ ಒಟ್ಟಿಗೆ ಹೋಗಿ ಇಷ್ಟವಾದದ್ದನ್ನು ತಿನ್ನುವುದು, ತಿಂಗಳಿಗೆ 1,200 ರೂಪಾಯಿ. ಉಳಿದ 1,200, ಚಂದಾದ 450, ದಂಡದ 400 ಸೇರಿ 2,050 ರೂಪಾಯಿ ಕೈಗೆ ಬಂತು. ಅದರಲ್ಲಿ 2,000 ರೂಪಾಯಿ ಸಂತೋಷದ ಖಾತೆಗೆ ಹೋಯಿತು. ಎಂಟನೆಯ ತಿಂಗಳು ಮನೆಗೆ 16,000 ರೂಪಾಯಿಯ ಹಾರ್ಮೋನಿಯಂ ಬಂತು. ಒಂದು ರೂಪಾಯಿ ಸಂಬಳ ಹೆಚ್ಚಿರಲಿಲ್ಲ, ಒಂದು ತುತ್ತು ಅನ್ನ ಕಡಿಮೆಯಾಗಿರಲಿಲ್ಲ. ಭಾನುವಾರದ ತಿಂಡಿಗೆ ಮಕ್ಕಳು ಈಗ ಶನಿವಾರದಿಂದಲೇ ಕಾಯುತ್ತಾರೆ.

ಇದು ಒಂದೇ ಮನೆಯ ಕಥೆಯಲ್ಲ. ಕೇಂದ್ರ ಸರ್ಕಾರದ 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ತಲಾ ಮಾಸಿಕ ವೆಚ್ಚ 3,773 ರೂಪಾಯಿ, ನಗರದ್ದು 6,459 ರೂಪಾಯಿ. ಆಹಾರದ ಬಾಬತ್ತುಗಳಲ್ಲಿ ಹೆಚ್ಚಿನ ಪಾಲು ಪಡೆದದ್ದು ಪಾನೀಯ ಮತ್ತು ಸಿದ್ಧ ತಿನಿಸುಗಳು: ಹಳ್ಳಿಯಲ್ಲಿ ನೂರಕ್ಕೆ 9.62, ನಗರದಲ್ಲಿ ನೂರಕ್ಕೆ 10.64. ಧಾನ್ಯಕ್ಕಿಂತ, ಹಾಲಿಗಿಂತ ಇದು ಹೆಚ್ಚು. ತಿನ್ನಬಾರದೆಂದು ನಾನು ಹೇಳುವುದಿಲ್ಲ. ತಿಂದದ್ದು ನೆನಪಿದೆಯೇ ಎಂದು ಮಾತ್ರ ಕೇಳುತ್ತೇನೆ.

ಈಗ ಉಂಡು ಆಮೇಲೆ ಕೊಡುವ ಸುಖ

ಇಂದಿನ ಮಾರುಕಟ್ಟೆ ನಮಗೆ ಹೇಳಿಕೊಡುವ ದಾರಿ ಬೇರೆ. ಕಾಯಬೇಡಿ, ಈಗಲೇ ಕೊಳ್ಳಿ, ಆಮೇಲೆ ಕಂತಿನಲ್ಲಿ ಕಟ್ಟಿ ಎನ್ನುತ್ತದೆ. ಸಂತೋಷದ ಪರವಾಗಿ ಮಾತಾಡುವವನೆಂದು ತೋರುವ ಈ ಮಾತುಗಾರನೇ ಸಂತೋಷದ ದೊಡ್ಡ ಶತ್ರು. ಲೆಕ್ಕ ಹಾಕಿ ನೋಡೋಣ. 40,000 ರೂಪಾಯಿಯ ಒಂದು ಪ್ರವಾಸವನ್ನು ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಮಾಡಿದಿರಿ ಎನ್ನಿ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿಯಾದರೆ ಮೊದಲ ತಿಂಗಳ ಬಡ್ಡಿಯೇ 1,400 ರೂಪಾಯಿ. ತಿಂಗಳಿಗೆ 2,000 ಕಟ್ಟುತ್ತ ಬಂದರೆ ಸಾಲ ತೀರಲು 35 ತಿಂಗಳು ಬೇಕು, ಒಟ್ಟು ಕಟ್ಟುವುದು ಸುಮಾರು 70,000 ರೂಪಾಯಿ. ಅದೇ 2,000 ರೂಪಾಯಿಯನ್ನು ಮೊದಲೇ ಎತ್ತಿಟ್ಟರೆ 20 ತಿಂಗಳಲ್ಲಿ ಅದೇ ಪ್ರವಾಸ. ಮಿಕ್ಕ 15 ತಿಂಗಳ 30,000 ರೂಪಾಯಿಯಲ್ಲಿ ಇನ್ನೊಂದು ಪ್ರವಾಸಕ್ಕೆ ಮುಕ್ಕಾಲು ಪಾಲು ಹಣ ಸಿದ್ಧ. ಸಾಲ ಮಾಡಿ ಸುಖಪಟ್ಟವನು ಒಂದು ಸುಖಕ್ಕೆ ಹೆಚ್ಚುಕಡಿಮೆ ಎರಡು ಸುಖದ ಬೆಲೆ ತೆತ್ತ.

ಹಣದ ನಷ್ಟಕ್ಕಿಂತ ಮನಸ್ಸಿನ ನಷ್ಟ ದೊಡ್ಡದು. ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇದರ ವಿಚಾರವಿದೆ. ಬಟ್ಟೆ ಒಗೆಯುವ ಯಂತ್ರಕ್ಕಾದರೆ ಕಂತಿನಲ್ಲಿ ಕಟ್ಟಲು ಒಪ್ಪಿದ ಜನರಲ್ಲಿ ಹೆಚ್ಚಿನವರು ರಜೆಯ ಪ್ರವಾಸಕ್ಕೆ ಮಾತ್ರ ಮುಂಗಡವಾಗಿಯೇ ಹಣ ಕಟ್ಟಲು ಬಯಸಿದರು. ಕಾರಣ ಸರಳ. ಹಣ ಕೊಟ್ಟು ಮುಗಿದ ಪ್ರವಾಸದಲ್ಲಿ ಮನಸ್ಸು ಹಗುರವಾಗಿರುತ್ತದೆ. ಕೊಡಬೇಕಾದದ್ದು ಬಾಕಿಯಿದ್ದರೆ ಸಮುದ್ರದ ಅಲೆಯ ಮುಂದೆ ನಿಂತಾಗಲೂ ಕಂತಿನ ದಿನಾಂಕ ನೆನಪಾಗುತ್ತದೆ. ಯಂತ್ರ ಹಾಗಲ್ಲ, ಕಂತು ಕಟ್ಟುವಷ್ಟು ಕಾಲವೂ ಅದು ಬಟ್ಟೆ ಒಗೆಯುತ್ತಿರುತ್ತದೆ. ಅಂದರೆ ಸಂತೋಷವನ್ನು ಸಂತೋಷವಾಗಿ ಅನುಭವಿಸಬೇಕಾದರೆ ಅದರ ಬೆಲೆ ಮೊದಲೇ ಸಂದಿರಬೇಕು.

ಇದೇ ಪ್ರೆಲೆಕ್ ಇನ್ನೊಬ್ಬರೊಡನೆ ಸೇರಿ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಂದ್ಯದ ಟಿಕೆಟ್ಟಿನ ಹರಾಜಿನಲ್ಲಿ ಕಾರ್ಡಿನಿಂದ ಕೊಡಬೇಕಾದವರು ನಗದು ಕೊಡಬೇಕಾದವರಿಗಿಂತ ಸುಮಾರು ಎರಡರಷ್ಟು ಬೆಲೆ ಕೂಗಿದರು. ಕೈಯಿಂದ ನೋಟು ಬಿಟ್ಟುಹೋಗುವಾಗ ಆಗುವ ಸಣ್ಣ ನೋವು ಕಾರ್ಡಿನಲ್ಲಿ ಆಗುವುದಿಲ್ಲ. 2016ರಲ್ಲಿ ಆರಂಭವಾದ ಯು.ಪಿ.ಐ. ಪಾವತಿಯಿಂದ ನಮಗೆ ಆದ ಉಪಕಾರ ದೊಡ್ಡದು, ಚಿಲ್ಲರೆಯ ಜಗಳ ತಪ್ಪಿತು. ಆದರೆ ಎಣಿಸಿ ಕೊಡುವ ಕೈ ಸುಮ್ಮನಾದಾಗ ಬರೆದಿಡುವ ಕೈ ಎಚ್ಚರವಾಗಬೇಕು.

ಬಡವನಿಗೆ ಎಲ್ಲಿಯ ಆಯವ್ಯಯ?

ಈಗ ಗಂಭೀರವಾದ ಆಕ್ಷೇಪಕ್ಕೆ ಬರುತ್ತೇನೆ. "ಇದೆಲ್ಲ ಸಂಬಳದಾರರ ಮಾತು. ದಿನಗೂಲಿಯವನಿಗೆ ಉಳಿಯುವುದೇನು, ಬರೆಯುವುದೇನು?" ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಸತ್ಯವಿದೆ. ಲೆಕ್ಕದ ಪುಸ್ತಕ ಕೂಲಿಯನ್ನು ಹೆಚ್ಚಿಸುವುದಿಲ್ಲ. ನ್ಯಾಯವಾದ ಕೂಲಿ ಕೊಡದೆ ಬಡವನಿಗೆ ಮಿತವ್ಯಯದ ಪಾಠ ಹೇಳುವುದು ಕ್ರೌರ್ಯ. ಇದನ್ನು ನಾನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆದರೆ ಬಡವರಿಗೆ ಲೆಕ್ಕ ಗೊತ್ತಿಲ್ಲವೆಂಬ ಮಾತು ಸುಳ್ಳು. ಭಾರತ, ಬಾಂಗ್ಲಾದೇಶ, ದಕ್ಷಿಣ ಆಫ್ರಿಕಾಗಳ 250ಕ್ಕೂ ಹೆಚ್ಚು ಬಡ ಕುಟುಂಬಗಳ ಹಣದ ದಿನಚರಿಯನ್ನು ಒಂದು ವರ್ಷದಷ್ಟು ಕಾಲ ಹದಿನೈದು ದಿನಗಳಿಗೊಮ್ಮೆ ಬರೆದುಕೊಂಡು, ನಾಲ್ವರು ಸಂಶೋಧಕರು 2009ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬಂದದ್ದನ್ನು ಬಂದಂತೆ ತಿಂದು ಮುಗಿಸುವ ಮನೆಗಳು ಅವರಿಗೆ ಕಾಣಲಿಲ್ಲ. ಚೀಟಿ, ಕೈಸಾಲ, ಸಂಘದ ಉಳಿತಾಯ, ನೆರೆಯವರಲ್ಲಿಟ್ಟ ಹಣ ಹೀಗೆ ಹಲವು ದಾರಿಗಳಲ್ಲಿ ಅವರು ಹಣವನ್ನು ಸಂಭಾಳಿಸುತ್ತಿದ್ದರು. ವರಮಾನ ಕಡಿಮೆಯಾದಷ್ಟೂ ಲೆಕ್ಕದ ಅಗತ್ಯ ಹೆಚ್ಚು. ಅಂತೆಯೇ ಸಂತೋಷ ಉಳ್ಳವರ ಸೊತ್ತು ಎಂಬುದೂ ಸುಳ್ಳು. ಮುಂದೆ ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ 2007ರಲ್ಲಿ ಬರೆದ ಲೇಖನದ ಪ್ರಕಾರ, ರಾಜಸ್ಥಾನದ ಉದಯಪುರದ ಕಡುಬಡವರಲ್ಲಿ ಮಧ್ಯಮ ಪ್ರಮಾಣದ ಒಂದು ಕುಟುಂಬವೂ ವರ್ಷದ ಖರ್ಚಿನ ನೂರಕ್ಕೆ ಹತ್ತರಷ್ಟನ್ನು ಹಬ್ಬಹರಿದಿನಗಳಿಗೆ ವ್ಯಯಿಸುತ್ತಿತ್ತು. ಅದನ್ನು ಅವಿವೇಕವೆನ್ನಲು ನಾವು ಯಾರು? ಹೊಟ್ಟೆ ತುಂಬ ಉಣ್ಣದವನಿಗೂ ವರ್ಷಕ್ಕೊಂದು ದಿನ ಹಬ್ಬ ಬೇಕು. ಆ ಹಬ್ಬ ಬಡ್ಡಿಯವನ ಕೈಯಿಂದ ಬರಬೇಕೇ, ಸಾಸಿವೆ ಡಬ್ಬಿಯಿಂದ ಬರಬೇಕೇ ಎಂಬುದೊಂದೇ ಪ್ರಶ್ನೆ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಎಷ್ಟು ನಿಷ್ಠುರವಾದದ್ದೆಂದು ನಾವು ಕಂಡಿದ್ದೇವೆ. ಕಿರುಸಾಲ ವಸೂಲಿಯ ಕಿರುಕುಳಕ್ಕೆ ನೊಂದು ಜನರು ಊರು ಬಿಟ್ಟ, ಜೀವ ಬಿಟ್ಟ ವರದಿಗಳು ಸಾಲುಸಾಲಾಗಿ ಬಂದ ಬಳಿಕ 2025ರ ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಕಿರುಸಾಲ ಪಡೆಯುವ ಕುಟುಂಬದ ಎಲ್ಲ ಸಾಲಗಳ ಕಂತು ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಅರ್ಧ! ಕಾನೂನು ಅಷ್ಟಕ್ಕೆ ಎಡೆಕೊಟ್ಟಿದೆಯೆಂದು ನಾವು ಅಷ್ಟನ್ನೂ ತಲೆಯ ಮೇಲೆ ಹೊರಬೇಕೇ? ಎಷ್ಟು ಹೊರಬಲ್ಲೆವು ಎಂಬುದನ್ನು ಸಾಲ ಕೊಡುವವನು ಹೇಳುವ ಮುನ್ನ ನಮ್ಮ ಪುಸ್ತಕ ಹೇಳಬೇಕು.

ಹೆಂಡತಿಯ ಮೇಲಿನ ಕಾವಲಲ್ಲ

ಇನ್ನೊಂದು ಆಕ್ಷೇಪವನ್ನು ಹೆಣ್ಣುಮಕ್ಕಳು ಎತ್ತುತ್ತಾರೆ, ಅದು ನ್ಯಾಯವಾದದ್ದು. ಎಷ್ಟೋ ಮನೆಗಳಲ್ಲಿ ಲೆಕ್ಕವೆಂದರೆ ಗಂಡ ಹೆಂಡತಿಯನ್ನು ವಿಚಾರಣೆಗೆ ಒಳಪಡಿಸುವ ಸಾಧನ. ಆಕೆ ಸೊಪ್ಪಿನ ಹತ್ತು ರೂಪಾಯಿಗೆ ಉತ್ತರ ಹೇಳಬೇಕು, ಆತನ ಸಂಜೆಯ ಐನೂರಕ್ಕೆ ಕೇಳುವವರಿಲ್ಲ. ಇಂಥ ಲೆಕ್ಕ ಅಟ್ಟ ಸೇರುವುದೇ ಲೇಸು. ಮನೆಯ ಆಯವ್ಯಯವನ್ನು ಇಬ್ಬರೂ ಕುಳಿತು ಬರೆಯಬೇಕು, ಇಬ್ಬರ ಖರ್ಚೂ ಅದರಲ್ಲಿ ಬರಬೇಕು, ದೊಡ್ಡ ಮಕ್ಕಳಿದ್ದರೆ ಅವರೂ ಕೇಳಬೇಕು. ಇದರೊಂದಿಗೆ ಒಬ್ಬೊಬ್ಬರಿಗೂ ಒಂದು ಸಣ್ಣ ಮೊತ್ತ ಕೈಖರ್ಚಿಗೆಂದು ಇರಬೇಕು. ಅದು ಇನ್ನೂರಾಗಲಿ, ಐನೂರಾಗಲಿ. ಅದನ್ನು ಏನು ಮಾಡಿದೆಯೆಂದು ಯಾರೂ ಯಾರನ್ನೂ ಕೇಳಬಾರದು. ಲೆಕ್ಕ ಕೇಳದ ಸ್ವಲ್ಪ ಹಣ ಎಲ್ಲರ ಕೈಯಲ್ಲೂ ಇರುವ ಮನೆಯಲ್ಲಿ ಮಿಕ್ಕ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಮಾಡಬೇಕಾದದ್ದು ಹೆಚ್ಚಿಲ್ಲ. ಮೂರು ತಿಂಗಳು ಬಂದದ್ದನ್ನೂ ಹೋದದ್ದನ್ನೂ ಇದ್ದಂತೆ ಬರೆಯಿರಿ, ಯಾರನ್ನೂ ದೂರಬೇಡಿ. ನಾಲ್ಕನೆಯ ತಿಂಗಳು ಪ್ರತಿಯೊಂದು ಸಾಲಿನ ಮುಂದೆ ಇದು ಬೇಕಿತ್ತೇ, ಇದರಿಂದ ಸಂತೋಷವಾಯಿತೇ ಎಂದು ಕೇಳಿಕೊಳ್ಳಿ. ಎರಡಕ್ಕೂ ಇಲ್ಲವೆಂದು ಉತ್ತರ ಬಂದ ಸಾಲುಗಳನ್ನು ಮಾತ್ರ ಹೊಡೆದುಹಾಕಿ. ಸಂಬಳದ ದಿನವೇ ಬಾಡಿಗೆ, ದಿನಸಿ, ಶುಲ್ಕ, ಕಂತುಗಳನ್ನು ಬೇರೆ ಮಾಡಿ. ಕಾಯಿಲೆ ಕಸಾಲೆಗೆ ಒಂದಿಷ್ಟು ಎತ್ತಿಡಿ. ಅದರ ಬೆನ್ನಿಗೇ ಸಂತೋಷದ ಪಾಲನ್ನೂ ಎತ್ತಿಡಿ. ತಿಂಗಳ ಕೊನೆಗೆ ಉಳಿದರೆ ನೋಡೋಣ ಎಂದರೆ ಉಳಿಯುವುದಿಲ್ಲ; ನನ್ನ ಇಪ್ಪತ್ತು ವರ್ಷಗಳೇ ಅದಕ್ಕೆ ಸಾಕ್ಷಿ. ತಿಂಗಳಿಗೆ ನೂರು ರೂಪಾಯಿಯಿದ್ದರೂ ಅಂಚೆ ಕಚೇರಿಯಲ್ಲಿ ಆರ್.ಡಿ. ಖಾತೆ ತೆರೆಯಬಹುದು. ಆ ಖಾತೆಗೆ ಒಂದು ಹೆಸರಿಡಿ. ಹಾರ್ಮೋನಿಯಂ ಎಂದೋ, ಮಗಳ ಸೈಕಲ್ ಎಂದೋ, ಹಂಪಿ ಎಂದೋ ಬರೆಯಿರಿ. ಹೆಸರಿಲ್ಲದ ಉಳಿತಾಯವನ್ನು ಮುರಿಯಲು ಮನಸ್ಸು ಸದಾ ನೆಪ ಹುಡುಕುತ್ತದೆ. ಹೆಸರಿಟ್ಟ ಉಳಿತಾಯವನ್ನು ಮುಟ್ಟಲು ಅಳುಕುತ್ತದೆ.

"ನಾಳೆಯನ್ನು ಯಾರು ಕಂಡವರು?" ಎಂದು ಕೊನೆಗೆ ಕೇಳುವವರಿಗೆ ನನ್ನ ಉತ್ತರವಿದು. ನಾಳೆಯನ್ನು ಯಾರೂ ಕಂಡಿಲ್ಲ, ನಿಜ. ನನ್ನ ತಾಯಿಯೂ ಕಾಣಲಿಲ್ಲ. ಅದಕ್ಕಾಗಿಯೇ ಅವರ ಆಸೆಯನ್ನು "ಮುಂದಿನ ವರ್ಷ" ಎಂಬ ಖಾತೆಗೆ ದಾಟಿಸಬಾರದಾಗಿತ್ತು. ಲೆಕ್ಕವಿಡದವನು ತಾನು ಇಂದಿಗಾಗಿ ಬದುಕುತ್ತೇನೆ ಎಂದುಕೊಳ್ಳುತ್ತಾನೆ. ತನಗೆ ನಿಜವಾಗಿ ಬೇಕಾದದ್ದನ್ನೆಲ್ಲ ನಾಳೆಗೆ ತಳ್ಳುವವನೂ ಅವನೇ.

2008ರ ಜುಲೈ ತಿಂಗಳಲ್ಲಿ ನಾನು, ಹೆಂಡತಿ, ಮಕ್ಕಳು ಜೋಗಕ್ಕೆ ಹೋದೆವು. ನನ್ನ ಪುಸ್ತಕದಲ್ಲಿ ಹೆಸರಿಟ್ಟು ತೆರೆ‌ದ ಮೊದಲ ಖಾತೆ ಅದೇ ಆಗಿತ್ತು. ಮಂಜು ಸರಿದು ಜಲಪಾತ ಕಾಣಿಸಿಕೊಂಡಾಗ ಮಕ್ಕಳು ಕುಣಿದರು. ನನ್ನ ಕಣ್ಣು ಒದ್ದೆಯಾದದ್ದನ್ನು ಅವರು ಮಳೆಹನಿ ಎಂದುಕೊಂಡರು. ಪಕ್ಕದಲ್ಲಿ ಒಬ್ಬರಿಗೆ ಜಾಗವಿತ್ತು.

ಪ್ರಿಯ ಓದುಗರೇ, ಇಂದು ರಾತ್ರಿ ಊಟವಾದ ಮೇಲೆ ಮನೆಯವರನ್ನು ಕೂಡಿಸಿಕೊಂಡು ಒಬ್ಬೊಬ್ಬರಿಗೂ ಏನು ಇಷ್ಟ ಎಂದು ಕೇಳಿ. ವಯಸ್ಸಾದವರನ್ನು ಮೊದಲು ಕೇಳಿ. ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದು, ಅದರ ಮುಂದೆ ಬೆಲೆಯನ್ನೂ ತಿಂಗಳನ್ನೂ ನಮೂದಿಸಿ. ನಿಮ್ಮ ಆಯವ್ಯಯದ ಮೊದಲ ಪುಟ ಅದೇ ಆಗಲಿ.